ಹಳಸಿದ ಅನ್ನ ತಿಂದ ಕರಿಯ

ಅವತ್ತು ಮೂಲೆಯಲ್ಲಿ ಮುದುರಿಕೊಂಡು ಬಿದ್ದಿದ್ದ ನಮ್ಮ ನಾಯಿ ಕರಿಯ. ಕರೆದರೂ ಬಾಲ ಅಲ್ಲಾಡಿಸ್ತಿರಲಿಲ್ಲ. ನಮ್ಮ ಬೀದಿ ತುದಿಯಲ್ಲಿ ಒಂದು ಕಲ್ಯಾಣ ಮಂಟಪ ಇದೆ. ಮದುವೆ ಮುಗಿದ ರಾತ್ರಿ ಹಿಂದುಗಡೆ ಎಂಜಲೆಲೆ ರಾಶಿ ಬೀಳುತ್ತೆ, ಮಾರನೇ ದಿನ ಬಿಸಿಲೇರುವವರೆಗೂ ಹಾಗೇ ಇರುತ್ತೆ. ವಾಕಿಂಗ್ ಹೋದಾಗ ಬೆಲ್ಟ್ ಕಿತ್ತುಕೊಂಡು ಓಡಿದವನು ಹಳಸಿದ ಅನ್ನ, ಪಲ್ಯ, ಸಿಕ್ಕಿದ್ದೆಲ್ಲ ಗಬಗಬ ನುಂಗಿದ. ಮಧ್ಯಾಹ್ನ ವಾಂತಿ ಶುರು, ಸಂಜೆಗೆ ಭೇದಿ.

ನಾಯಿಗೆ ಏನು ತಿಂದರೂ ಅರಗುತ್ತೆ ಅಂತಾರಲ್ವಾ? ಅದರ ಹೊಟ್ಟೆಯ ಆಮ್ಲ ಜೋರಾಗಿರುತ್ತೆ, ನಿಜ. ಆದರೆ ಅನ್ನದಲ್ಲಿ ಬ್ಯಾಕ್ಟೀರಿಯಾ ಮೊದಲೇ ಬಿಟ್ಟಿರುವ ಕೆಲವು ವಿಷ ಆಮ್ಲಕ್ಕೂ ಬಗ್ಗಲ್ಲ, ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಬೂಷ್ಟು ಹಿಡಿದ ಬ್ರೆಡ್ ಇನ್ನೂ ಅಪಾಯ. ಕೆಲವು ಬೂಷ್ಟಿನ ವಿಷಕ್ಕೆ ನಾಯಿ ಗಡಗಡ ನಡುಗುತ್ತೆ, ಫಿಟ್ಸ್ ಕೂಡ ಬರಬಹುದು.

ಅಮ್ಮ, 'ಉಪ್ಪುನೀರು ಕುಡಿಸೋ, ಎಲ್ಲ ಹೊರಗೆ ಬಂದುಬಿಡುತ್ತೆ' ಅಂದರು. ಬೇಡಮ್ಮ ಅಂದೆ. ಉಪ್ಪು ಜಾಸ್ತಿಯಾದರೆ ಅದೇ ನಾಯಿಗೆ ವಿಷ. ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಅಂತೂ ಮುಟ್ಟಲೇಬೇಡಿ. ಭೇದಿ ನಿಲ್ಲಿಸೋ ನಮ್ಮ ಮಾತ್ರೆನೂ ಬೇಡ, ಹೊರಗೆ ಹೋಗಬೇಕಾದ ವಿಷ ಒಳಗೇ ಉಳಿಯುತ್ತೆ.

ನಾಯಿ ಸ್ಥಿತಿ ಹೇಗಿದೆ ಅಂತ ತಿಳಿಯೋಕೆ ನಾನು ನೋಡೋದು ಒಸಡು. ತುಟಿ ಎತ್ತಿ ಬೆರಳಿಂದ ಒತ್ತಿ ಬಿಡಿ, ಬಿಳಿಯಾದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. (ಇವನ ಒಸಡು ಅರ್ಧ ಕಪ್ಪು, ಗುಲಾಬಿ ಜಾಗ ಹುಡುಕೋದೇ ಒಂದು ಕೆಲಸ.) ಒಸಡು ಒದ್ದೆಯಾಗಿರದೆ ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂತ. ಕರಿಯಂದು ಅಂಟುತ್ತಿತ್ತು, ಕುಡಿಸಿದ ನೀರೂ ನಿಲ್ಲುತ್ತಿರಲಿಲ್ಲ, ಅದಕ್ಕೇ ರಾತ್ರಿಯವರೆಗೆ ಕಾಯದೆ ಆಟೋದಲ್ಲಿ ಹಾಕಿಕೊಂಡು ಹೊರಟೆ.

ಡಾಕ್ಟರ್ ವಾಂತಿಗೆ ಇಂಜೆಕ್ಷನ್ ಕೊಟ್ಟರು, ಭುಜದ ಹತ್ತಿರ ಚರ್ಮದಡಿ ಸಲೈನ್ ಬಿಟ್ಟರು. ಆ ಜಾಗ ಚಿಕ್ಕ ಗುಡ್ಡದ ಹಾಗೆ ಉಬ್ಬಿತು, ಅದು ಊತ ಅಲ್ಲ, ಸಲೈನ್ ನಿಧಾನವಾಗಿ ಮೈಯೊಳಗೆ ಸೇರಿಕೊಳ್ಳುತ್ತೆ.

ಮಾರನೇ ದಿನ ಮೆತ್ತಗೆ ಬೆಂದ ಅನ್ನ, ಚರ್ಮ ತೆಗೆದು ಬೇಯಿಸಿದ ಕೋಳಿ, ಉಪ್ಪಿಲ್ಲ, ಒಗ್ಗರಣೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೇ ಕೆಟ್ಟದ್ದು, ಅದಕ್ಕೇ ಉಳಿದ ಸಾರು ಕಲಸಿ ಹಾಕಬೇಡಿ. ಒಂದೇ ಸಲ ಬಟ್ಟಲು ತುಂಬ ಕೊಡದೆ ಎರಡೆರಡು ತುತ್ತು ಕೊಟ್ಟೆ, ಅವನು ನನ್ನನ್ನು ಜಿಪುಣ ಅನ್ನೋ ಹಾಗೆ ನೋಡಿದ.

ಇದೆಲ್ಲ ದೊಡ್ಡ ನಾಯಿಯ ಕಥೆ. ಮರಿಯಾದರೆ, ಅದರಲ್ಲೂ ಲಸಿಕೆ ಪೂರ್ತಿ ಆಗದ ಮರಿ ರಕ್ತಭೇದಿ ಮಾಡುತ್ತಿದ್ದರೆ, ಏನೋ ಹಳಸಿದ್ದು ತಿಂದಿರಬೇಕು ಅಂದುಕೊಂಡು ಮನೆಯಲ್ಲಿ ಕೂರಬೇಡಿ. ಪಾರ್ವೋ ಅನ್ನೋ ವೈರಸ್ ಕಾಯಿಲೆ ಇರಬಹುದು. ಅವತ್ತೇ ಡಾಕ್ಟರ್ ಹತ್ತಿರ ಓಡಿ.