ಹುಳುಕಿಲ್ಲದೆ ಉದುರಿದ ಹಲ್ಲು

ಕೇಳುಗರಿಗೆ ನಮಸ್ಕಾರ.

ಚಿಕ್ಕಬಳ್ಳಾಪುರದ ನನ್ನ ಕ್ಲಿನಿಕ್ಕಿಗೆ ಶಿಡ್ಲಘಟ್ಟದ ಕಡೆಯ ರೈತರೊಬ್ಬರು ಬಂದಿದ್ದರು. ರೇಷ್ಮೆ ಹುಳು ಸಾಕುವವರು, ವಯಸ್ಸು ಅರವತ್ತರ ಹತ್ತಿರ. ಕರ್ಚೀಫಿನ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ದವಡೆ ಹಲ್ಲು ಇಟ್ಟರು. "ನೋಡಿ ಡಾಕ್ಟ್ರಮ್ಮ, ಒಂದು ತೂತಿಲ್ಲ, ಹುಳುಕಿಲ್ಲ. ಮುದ್ದೆ ಉಣ್ಣುವಾಗ ಕೈಗೇ ಬಂತು. ಮುದ್ದೇನ ಅಗಿಯೋದೂ ಇಲ್ಲವಲ್ಲ, ನುಂಗೋದು!"

ಆ ಹಲ್ಲನ್ನು ದೀಪಕ್ಕೆ ಹಿಡಿದು ನೋಡಿದೆ. ಮೇಲ್ಭಾಗ ನಿಜಕ್ಕೂ ಸೊಗಸಾಗಿತ್ತು. ಆದರೆ ಬೇರಿನ ಸುತ್ತ, ಹೆಚ್ಚುಕಡಿಮೆ ತುದಿಯವರೆಗೂ, ಕಪ್ಪಗೆ ಕಿಟ್ಟ ಕಟ್ಟಿತ್ತು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಸುಣ್ಣ ಕಟ್ಟುತ್ತದಲ್ಲ, ಹಾಗೆ. ಬೇರು ಇರಬೇಕಾದದ್ದು ದವಡೆಯ ಮೂಳೆಯೊಳಗೆ. ಅಲ್ಲಿ ಕಿಟ್ಟ ಕೂತಿದೆ ಎಂದರೆ ಆ ಮೂಳೆ ಕರಗಿ ಎಷ್ಟೋ ಕಾಲವಾಗಿದೆ ಎಂದರ್ಥ. ಗೋಡೆ ಗಟ್ಟಿಯಾಗಿಯೇ ಇತ್ತು, ಹೋದದ್ದು ಪಾಯ.

"ನೋವಿತ್ತಾ ಯಜಮಾನರೇ?" ಎಂದೆ. "ಇಲ್ಲ." "ರಕ್ತ?" "ಬ್ರಷ್ ಮಾಡುವಾಗ ಬರ್ತಿತ್ತು. ಅದಕ್ಕೇ ಆ ಕಡೆ ಉಜ್ಜೋದು ಬಿಟ್ಟುಬಿಟ್ಟಿದ್ದೆ."

ಇವರೊಬ್ಬರೇ ಅಲ್ಲ, ಹೀಗೆ ಹೇಳುವವರು ದಿನಕ್ಕೆ ಒಬ್ಬರಾದರೂ ಬರುತ್ತಾರೆ. ರಕ್ತ ಕಂಡ ಕಡೆ ಬ್ರಷ್ ಹೋಗುವುದಿಲ್ಲ. ಬ್ರಷ್ ಹೋಗದ ಕಡೆ ಲೋಳೆಯಂಥ ಪಾಚಿ ಕೂರುತ್ತದೆ, ಪಾಚಿಯಲ್ಲಿ ಕ್ರಿಮಿಗಳು ಬೆಳೆಯುತ್ತವೆ, ಒಸಡು ಇನ್ನಷ್ಟು ಊದಿ ಇನ್ನಷ್ಟು ರಕ್ತ. ಆ ಪಾಚಿಗೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಗಟ್ಟಿಯಾದ ಮೇಲೆ ಅದು ಕಿಟ್ಟ. ಯಾವ ಬ್ರಷ್ಷಿಗೂ, ಯಾವ ಪೇಸ್ಟಿಗೂ ಜಗ್ಗುವುದಿಲ್ಲ.

1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಒಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಿ ಎಂದರು. 10ರಿಂದ 21 ದಿನದೊಳಗೆ ಎಲ್ಲರ ಒಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದರು, ಸುಮಾರು ವಾರದಲ್ಲಿ ಸರಿಹೋಯಿತು. ಅಂದರೆ ಬರೀ ಒಸಡು ಊದಿರುವ ಹಂತದಲ್ಲಿ ರೋಗ ಪೂರ್ತಿ ವಾಪಸು ಹೋಗುತ್ತದೆ. ಮೂಳೆಗೆ ಇಳಿದರೆ ಆ ಮಾತಿಲ್ಲ. ಬಾಗೇಪಲ್ಲಿ ಕಡೆಯಿಂದ ಬರುವವರು ತೆಲುಗಿನಲ್ಲಿ ಒಸಡಿಗೆ 'ಚಿಗುರು' ಎನ್ನುತ್ತಾರೆ. ಕೇಳುವುದಕ್ಕೆ ಚೆಂದ. ಆದರೆ ಹೋದ ಮೂಳೆ ತಾನಾಗಿ ಚಿಗುರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಅಷ್ಟೇ.

ಇನ್ನೊಂದು ಗೊಂದಲ ನಮ್ಮ ಸೀಮೆಯದೇ. ಇಲ್ಲಿ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಆ ನೀರು ಕುಡಿದವರಿಗೆ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಬರುತ್ತದೆ. ಅದು ಹಲ್ಲಿನೊಳಗಿನ ಬಣ್ಣ, ಕೊಳೆಯಲ್ಲ. ಅದನ್ನು ಹೋಗಿಸಲು ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಾರೆ. ಬಣ್ಣ ಹೋಗುವುದಿಲ್ಲ, ಹಲ್ಲು ಸವೆಯುತ್ತದೆ, ಒಸಡು ಗಾಯವಾಗುತ್ತದೆ. ಕಾಣುವ ಕಲೆಗೆ ಇಷ್ಟು ಒದ್ದಾಟ, ಕಾಣದ ಕಿಟ್ಟವನ್ನು ಕೇಳುವವರಿಲ್ಲ.

ನಮ್ಮ ರೈತರಿಗೆ ಬಾಯಿ ತೆರೆಸಿ ಅಳತೆಯ ಕಡ್ಡಿ ಇಟ್ಟೆ. ಹಲ್ಲಿಗೂ ಒಸಡಿಗೂ ನಡುವಿನ ಸಂದಿನ ಆಳ 3 ಮಿಲಿಮೀಟರ್‌ವರೆಗೆ ಇದ್ದರೆ ಚಿಂತೆಯಿಲ್ಲ. ಅವರಿಗೆ ಎರಡು ಕಡೆ 7 ಇತ್ತು. ಬೀಡಿ ಸೇದುತ್ತಿದ್ದರು. ಬೀಡಿ ಸೇದುವವರಲ್ಲಿ ಒಸಡಿನ ರಕ್ತ ಕಡಿಮೆ ಕಾಣುತ್ತದೆ, ಒಳಗೆ ಮಾತ್ರ ರೋಗ ಜೋರಾಗಿ ನಡೆದಿರುತ್ತದೆ. ಸಕ್ಕರೆ ಕಾಯಿಲೆಯೂ ಇತ್ತು. ಸಕ್ಕರೆ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಹಾಗಾಗಿ ಶುಗರ್ ಮಾತ್ರೆ ಬರೆಯುವ ಡಾಕ್ಟರಿಗೆ ಒಸಡಿನ ವಿಷಯವನ್ನೂ ಹೇಳಿ.

"ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತಂತಲ್ಲ?" ಅಂದರು. ಎಲ್ಲರೂ ಕೇಳುವ ಪ್ರಶ್ನೆ. ಕಿಟ್ಟ ಹಲ್ಲುಗಳನ್ನು ಗಾರೆಯ ಹಾಗೆ ಹಿಡಿದುಕೊಂಡಿರುತ್ತದೆ. ತೆಗೆದಾಗ ಮೊದಲೇ ಇದ್ದ ಸಡಿಲ, ಮೊದಲೇ ಇದ್ದ ಸಂದು ಗೊತ್ತಾಗುತ್ತದೆ. ಕೆಲವು ದಿನ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಇವರಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಒಸಡಿನ ಕೆಳಗಿನ ಬೇರನ್ನೂ ಕೆರೆದು ಸ್ವಚ್ಛ ಮಾಡಿದೆ. ಅಷ್ಟಕ್ಕೂ ಬಗ್ಗದಿದ್ದರೆ ಒಸಡು ಬಿಡಿಸಿ ಮಾಡುವ ಆಪರೇಷನ್ ಇದೆ. ಮೆಡಿಕಲ್ ಸ್ಟೋರಿನಲ್ಲಿ ತಾವೇ ಕೇಳಿ ತರುವ ಮಾತ್ರೆ ಇದ್ಯಾವುದನ್ನೂ ಮಾಡುವುದಿಲ್ಲ. ಉಪ್ಪುನೀರು ಮುಕ್ಕಳಿಸಿದರೆ ಹಿತ, ಕಿಟ್ಟ ಅಲ್ಲೇ ಇರುತ್ತದೆ. ಬೇವಿನ ಕಡ್ಡಿಯ ಬಗ್ಗೆ ನನಗೆ ತಕರಾರಿಲ್ಲ, ತುದಿ ಚೆನ್ನಾಗಿ ಅಗಿದು ಮೆದು ಮಾಡಿಕೊಳ್ಳಿ. ಆದರೆ ಅದು ಒಳಬದಿಗೆ, ಕೊನೆಯ ದವಡೆ ಹಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಕಡ್ಡಿಪುಡಿ, ನಶ್ಯ ಹಾಕಿ ಉಜ್ಜುವುದನ್ನು ಮಾತ್ರ ಬಿಡಲೇಬೇಕು.

ಬ್ರಷ್ ಮೃದುವಾದದ್ದೇ ತನ್ನಿ. ಪಾತ್ರೆ ತಿಕ್ಕುವಂತೆ ಅಡ್ಡಡ್ಡ ಎಳೆಯಬೇಡಿ. ಎಳೆಗಳು ಅರ್ಧ ಹಲ್ಲಿಗೆ, ಅರ್ಧ ಒಸಡಿಗೆ ತಾಗುವಂತೆ ಓರೆಯಾಗಿ ಇಟ್ಟು ನಿಂತಲ್ಲೇ ಮೆಲ್ಲಗೆ ಅಲುಗಿಸಿ, ಮುಂದಿನ ಹಲ್ಲಿಗೆ ಹೋಗಿ. ಎರಡು ನಿಮಿಷ, ಬೆಳಿಗ್ಗೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ. ರಕ್ತ ಬಂದ ಜಾಗವನ್ನು ಬಿಡಬೇಡಿ, ಅಲ್ಲೇ ಹಗುರವಾಗಿ ಉಜ್ಜಿ. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಹಲ್ಲುಸಂದಿಗೆ ಅದಕ್ಕೆಂದೇ ಸಣ್ಣ ಬ್ರಷ್ ಸಿಗುತ್ತದೆ. ಸೀರೆಗೆ ಹಾಕುವ ಪಿನ್ನು, ಪೊರಕೆ ಕಡ್ಡಿ ಬೇಡ.

ಮೂರು ತಿಂಗಳಾದ ಮೇಲೆ ನಮ್ಮ ರೈತರು ಮತ್ತೆ ಬಂದರು. 7 ಇದ್ದದ್ದು ಒಂದು ಕಡೆ 4ಕ್ಕೆ, ಇನ್ನೊಂದು ಕಡೆ 5ಕ್ಕೆ ಇಳಿದಿತ್ತು. ಬೀಡಿ ಪೂರ್ತಿ ಬಿಟ್ಟಿಲ್ಲ, ಕಟ್ಟಿನಿಂದ ನಾಲ್ಕಕ್ಕೆ ಬಂದಿದ್ದಾರೆ. ಮಗನ ಬಾಯನ್ನೂ ಒಮ್ಮೆ ನೋಡಬೇಕು, ಕರೆದುಕೊಂಡು ಬನ್ನಿ ಎಂದೆ. ಅವನಿಗೆ ಮೂವತ್ತೆರಡು ವರ್ಷವಂತೆ. ಹೇಳಿದ್ದಕ್ಕೆ "ನನಗೇನು ನೋವಿದೆಯಾ?" ಅಂದನಂತೆ.

ನಮಸ್ಕಾರ.