ಮೊದಲು ಕಿವಿಗೆ ಬಿದ್ದ ರೇಟು

ನಮಸ್ಕಾರ. ಇವತ್ತು ನನಗೆ ಅಮ್ಮನ ಪರವಾಗಿ ಸ್ವಲ್ಪ ಮಾತಾಡಲಿಕ್ಕುಂಟು.

ಕೆಲವು ವರ್ಷದ ಹಿಂದೆ ಅಮ್ಮ ಎರಡು ಗೋಣಿ ಚಾಲಿ ಅಡಿಕೆಯನ್ನು (ಬಿಸಿಲಲ್ಲಿ ಒಣಗಿಸಿ ಸುಲಿದದ್ದು) ಜೀಪಿಗೆ ಹಾಕಿಸಿ ಬದಿಯಡ್ಕ ಪೇಟೆಗೆ ಹೊರಟರು. ಜೊತೆಗೆ ನಾನೂ ಇದ್ದೆ. ಅಂಗಡಿಯವರು ಗೋಣಿಯ ಬಾಯಿ ಬಿಚ್ಚಿ, ಒಂದು ಮುಷ್ಟಿ ತೆಗೆದು, ಒಂದು ಅಡಿಕೆಯನ್ನು ಕತ್ತರಿಸಿ ಬೆಳಕಿಗೆ ಹಿಡಿದರು. "ಪಟೋರ ಜಾಸ್ತಿ ಉಂಟಲ್ಲ ಅಕ್ಕಾ. 300ರ ಮೇಲೆ ಕಷ್ಟ."

ಪಟೋರ ಅಂದರೆ ಕಡಿಮೆ ದರ್ಜೆಯ ಅಡಿಕೆ. ಅದನ್ನು ಅಮ್ಮ ಎರಡು ದಿನ ಕೂತು ಹೆಕ್ಕಿ ಬೇರೆ ಮಾಡಿದ್ದರು. ಕಿಲೋಗೆ 360 ಸಿಗಬೇಕು ಅಂತ ಮನೆಯಲ್ಲೇ ಲೆಕ್ಕ ಹಾಕಿದ್ದರು. ಆದರೆ 300 ಅಂತ ಕೇಳಿದ ಮೇಲೆ ಆ ಲೆಕ್ಕ ಬಾಯಿಗೇ ಬರಲಿಲ್ಲ. "ಒಂದು ಇಪ್ಪತ್ತಾದರೂ ಸೇರಿಸಿ" ಎಂದರು. 315ಕ್ಕೆ ಮುಗಿಯಿತು. 15 ರೂಪಾಯಿ ಏರಿಸಿದೆ ಅಂತ ಅವರಿಗೆ ಖುಷಿ. ಸಂಜೆ ಮಾವ ಬಂದು, "ನಿನಗೆ ವ್ಯಾಪಾರ ಗೊತ್ತಿಲ್ಲ ಅಕ್ಕಾ" ಎಂದುಬಿಟ್ಟರು. ಅಮ್ಮ ಸುಮ್ನೆ ಒಳಗೆ ಹೋದರು.

ಆ ಮಾತು ತಪ್ಪು. ಅಮ್ಮನಿಗೆ ಅಂಗಡಿಯಲ್ಲಿ ಆದದ್ದಕ್ಕೆ ಮನಶ್ಶಾಸ್ತ್ರದಲ್ಲಿ ಆ್ಯಂಕರಿಂಗ್ ಅಂತ ಹೆಸರು. ಆ್ಯಂಕರ್ ಅಂದರೆ ಲಂಗರು. ಲಂಗರು ಹಾಕಿದ ದೋಣಿ ಹಗ್ಗ ಬಿಟ್ಟಷ್ಟೇ ಆಚೀಚೆ ಹೋಗುತ್ತದೆ, ಅಲ್ವಾ? ಮೊದಲು ಕೇಳಿದ ಸಂಖ್ಯೆಯ ಸುತ್ತ ನಮ್ಮ ಅಂದಾಜೂ ಹಾಗೇ.

ಅಮೋಸ್ ಟ್ವೆರ್ಸ್ಕಿ, ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಇದನ್ನು ಬರೆದರು. ಜನರ ಎದುರು ಅಂಕಿ ಬರೆದ ಒಂದು ಚಕ್ರ ತಿರುಗಿಸಿದರು. ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳಿದರು. ಚಕ್ರದಲ್ಲಿ 10 ಬಂದವರ ಅಂದಾಜು ಸುಮಾರು 25. 65 ಬಂದವರದ್ದು 45! ಚಕ್ರಕ್ಕೂ ಆಫ್ರಿಕಾಕ್ಕೂ ಎಂತ ಸಂಬಂಧ?

ಓದಿದವರು ಇದರಿಂದ ತಪ್ಪಿಸಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ ಕಾನೂನು ವೃತ್ತಿಯವರ ಕೈಗೆ ಎರಡು ದಾಳ ಕೊಟ್ಟು ಹಾಕಿಸಿದರು. ಆಮೇಲೆ ಅಂಗಡಿ ಕಳ್ಳತನದ ಒಂದು ಕಲ್ಪಿತ ಕೇಸಿಗೆ ಶಿಕ್ಷೆ ಎಷ್ಟು ಅಂತ ಕೇಳಿದರು. ಎರಡೂ ದಾಳ ಕೂಡಿಸಿದರೆ 3 ಅಥವಾ 9 ಮಾತ್ರ ಬರುವ ಹಾಗೆ ಮಾಡಿದ್ದರು. 3 ಬಿದ್ದವರು ಸರಾಸರಿ ಐದು ತಿಂಗಳ ಹತ್ತಿರ ಹೇಳಿದರು, 9 ಬಿದ್ದವರು ಎಂಟರ ಹತ್ತಿರ. ಇದು 2006ರ ಅಧ್ಯಯನ. ಒಬ್ಬ ಮನುಷ್ಯನ ಸುಮಾರು ಮೂರು ತಿಂಗಳು, ಕೈಯಿಂದ ಬಿದ್ದ ದಾಳಕ್ಕೆ. ಓದಿದಾಗ ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು. ಅವರನ್ನು ಯಾರೂ ದಡ್ಡರು ಅನ್ನಲಿಲ್ಲ. ಅಮ್ಮನನ್ನು ಯಾಕೆ ಅನ್ನಬೇಕು?

"ಎಚ್ಚರ ಇರು" ಅಂದರೆ ಸಾಲುವುದಿಲ್ಲ. ಮೊದಲೇ ಎಚ್ಚರಿಸಿದರೂ ಈ ಸೆಳೆತ ಪೂರ್ತಿ ಹೋಗುವುದಿಲ್ಲ ಅಂತ ಪ್ರಯೋಗಗಳಲ್ಲಿ ಕಂಡಿದೆ. ಸ್ವಲ್ಪ ಕೆಲಸ ಮಾಡುವುದು ಬೇರೆ ಒಂದು ದಾರಿ: ಆ ಸಂಖ್ಯೆ ಯಾಕೆ ಸರಿಯಲ್ಲ ಅಂತ ಕಾರಣ ಹುಡುಕುವುದು. ಕಾರಣ ಕೈಯಲ್ಲಿದ್ದರೆ ಹಗ್ಗ ಸಡಿಲವಾಗುತ್ತದೆ.

ಈ ಸಲ ಹೊರಡುವ ಮೊದಲು ಅಮ್ಮ ಕ್ಯಾಲೆಂಡರಿನ ಹಿಂದೆ ರೇಟು ಬರೆದರು. ಕೆಳಗೆ ಮೂರು ಸಾಲು: ಚೆನ್ನಾಗಿ ಒಣಗಿದೆ. ಪಟೋರ ಹೆಕ್ಕಿದೆ. ಕರಿಗೋಟು (ಕಪ್ಪಾದ ಅಡಿಕೆ) ಬೇರೆ ಗೋಣಿಯಲ್ಲಿದೆ. ಹಾಳೆಯನ್ನು ಮಡಚಿ ಪರ್ಸಿಗೆ ಹಾಕಿಕೊಂಡರು. ಅಂಗಡಿಯವರು ಗೋಣಿಗೆ ಕೈ ಹಾಕುವ ಮೊದಲೇ ಬೆಲೆ ಹೇಳಿದ್ದು ಅಮ್ಮ.