ಗೋಪುರ ಹತ್ತಿ ನೋಡಿದವರು ಯಾರು?

ನಮಸ್ಕಾರ, ಬನ್ನಿ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು, ಸ್ಕ್ರಿಪ್ಟೂ ರೆಡಿ ಇತ್ತು. ಆದರೆ ಯುದ್ಧದಲ್ಲಿ ಹಳೆಯ ಕಟ್ಟಡಗಳಿಗೆ ಹೊಡೆಯಬಾರದು ಅಂದಿದ್ದೆನಲ್ಲ, ಆ ಹೋದ ಸಂಚಿಕೆಯ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಶತ್ರು ಚರ್ಚಿನ ಗೋಪುರದ ಮೇಲೆ ಕೂತಿದ್ದರೆ ಸೈನ್ಯ ಏನು ಮಾಡಬೇಕು? ಆರತಿ ಎತ್ತಬೇಕಾ?" ಅದಕ್ಕೆ ಲೈಕುಗಳು ಬೇರೆ! ನನ್ನ ವಿಡಿಯೋಗೇ ಅಷ್ಟು ಬರುವುದಿಲ್ಲ.

ಸರ್, ನನ್ನದು ಒಂದೇ ಪ್ರಶ್ನೆ. ಕೂತಿದ್ದ ಅಂತೀರಲ್ಲ, ಹತ್ತಿ ನೋಡಿದವರು ಯಾರು?

ಫ್ರಾನ್ಸಿನ ರೀಮ್ಸ್ ಕೆಥೆಡ್ರಲ್ ತಗೊಳ್ಳಿ, ದೊಡ್ಡ ಚರ್ಚು. ಅಲ್ಲಿನ ರಾಜರಿಗೆ ಪಟ್ಟ ಕಟ್ಟುತ್ತಿದ್ದ ಜಾಗ. ಬಾಗಿಲ ಪಕ್ಕ ಕಲ್ಲಿನ ದೇವದೂತ ಒಬ್ಬ ನಿಂತಿದ್ದಾನೆ. ತಲೆ ಚೂರು ವಾಲಿಸಿಕೊಂಡು, ಏನೋ ಗುಟ್ಟು ಗೊತ್ತಿರುವವನ ಹಾಗೆ ನಗುತ್ತಾನೆ. 13ನೇ ಶತಮಾನದ ಕೆಲಸ. ಹೆಸರು ಉಳಿಯದ ಶಿಲ್ಪಿ ಕಲ್ಲಿನಲ್ಲಿ ಅಂಥ ತುಂಟ ನಗು ಹೇಗೆ ತಂದನೋ! ಮೊದಲ ಮಹಾಯುದ್ಧದಲ್ಲಿ, 1914ರ ಸೆಪ್ಟೆಂಬರ್ 19ರಂದು ಜರ್ಮನ್ ಫಿರಂಗಿ ಗುಂಡು ಬಿತ್ತು. ದುರಸ್ತಿಗೆ ಅಂತ ಗೋಪುರಕ್ಕೆ ಕಟ್ಟಿದ್ದ ಮರದ ಸಾರುವೆಗೆ ಬೆಂಕಿ ಹತ್ತಿತು. ಚಾವಣಿಯ ಸೀಸ ಕರಗಿತು. ಮಳೆನೀರು ಹೋಗಲಿ ಅಂತ ಕೆತ್ತಿದ್ದ ಕಲ್ಲಿನ ಪ್ರಾಣಿಗಳ ಬಾಯಿಂದ ಕಾದ ಸೀಸ ಸುರಿಯಿತು. ಬಾಯಲ್ಲಿ ಸೀಸ ಹೆಪ್ಪುಗಟ್ಟಿದ ಪ್ರಾಣಿಗಳನ್ನು ಇವತ್ತಿಗೂ ಅಲ್ಲಿನ ಮ್ಯೂಸಿಯಂನಲ್ಲಿ ನೋಡಬಹುದು. ದೇವದೂತನ ತಲೆ ಕೆಳಗೆ ಬಿದ್ದು ಒಡೆಯಿತು. ಒಳಗೆ ಹುಲ್ಲಿನ ಮೇಲೆ ಮಲಗಿದ್ದವರು ಯಾರು ಗೊತ್ತಾ? ಗಾಯಗೊಂಡ ಜರ್ಮನ್ ಸೈನಿಕರು. ಅವರದೇ ಜನ! ಯಾಕಪ್ಪಾ ಹೊಡೆದಿರಿ ಅಂದರೆ, ಗೋಪುರದ ಮೇಲೆ ಫ್ರೆಂಚರು ಕಾವಲು ಕೂತಿದ್ದರಂತೆ. ಹತ್ತಿ ನೋಡಿದವರು ಯಾರು ಸ್ವಾಮಿ?

ಜರ್ಮನರದ್ದು ಮಾತ್ರ ಅಲ್ಲ. ಇಟಲಿಯ ಮಾಂಟೆ ಕಸಿನೊ, ಸಂತ ಬೆನೆಡಿಕ್ಟ್ 6ನೇ ಶತಮಾನದಲ್ಲಿ ಬೆಟ್ಟದ ಮೇಲೆ ಶುರು ಮಾಡಿದ ಮಠ. ಎರಡನೇ ಮಹಾಯುದ್ಧದಲ್ಲಿ, 1944ರ ಫೆಬ್ರವರಿ 15ರಂದು ಅಮೆರಿಕದ ವಿಮಾನಗಳು ಬಾಂಬ್ ಸುರಿದವು. ಒಳಗೆ ಜರ್ಮನರು ಇದ್ದಾರೆ ಅಂತ. ಇದ್ದದ್ದು ಸನ್ಯಾಸಿಗಳು, ಆಸರೆಗೆ ಬಂದಿದ್ದ ಸುತ್ತಲಿನ ಜನ. ಜರ್ಮನರು ಬಂದದ್ದು ಆಮೇಲೆ! ಬಿದ್ದ ಗೋಡೆಗಳ ಸಂದಿಯಲ್ಲಿ ಬಂದೂಕು ಹೂಡಿ ಕೂತರು. ಬೆಟ್ಟ ಕೈಗೆ ಸಿಗುವಷ್ಟರಲ್ಲಿ ಮೇ ತಿಂಗಳು ಬಂತು. ಇಲ್ಲದ ಶತ್ರುವಿಗೆ ಇವರೇ ಬಂಕರ್ ಮಾಡಿಕೊಟ್ಟರು. ಶಭಾಷ್!

"ಗುಂಡು ಹಾರುವಾಗ ಯಾರಪ್ಪಾ ಹತ್ತುತ್ತಾರೆ?" ಅಂತ ಟೈಪ್ ಮಾಡುತ್ತಿದ್ದೀರಿ, ಅಲ್ವಾ? ಒಬ್ಬರು ಹತ್ತಿದರು. ವೆಲ್ಬೋರ್ನ್ ಗ್ರಿಫಿತ್, ಅಮೆರಿಕದ ಕರ್ನಲ್. 1944ರ ಆಗಸ್ಟ್. ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್ಲಿನಲ್ಲಿ ಜರ್ಮನರು ಇದ್ದಾರೆ ಅನ್ನುವ ಗುಮಾನಿ. ಅಲ್ಲಿನ ಬಣ್ಣದ ಗಾಜುಗಳನ್ನು ಮೊದಲೇ ಬಿಚ್ಚಿ ಬಚ್ಚಿಟ್ಟಿದ್ದರು. ಗಾಜು ಬಿಚ್ಚಬಹುದು, ಗೋಪುರ ಬಿಚ್ಚೋಕಾಗುತ್ತಾ? ಈ ಪುಣ್ಯಾತ್ಮ ತಾವೇ ಒಳಗೆ ಹೋದರು, ಮೇಲೆ ಹತ್ತಿದರು, ಯಾರೂ ಇಲ್ಲ ಅಂತ ತಿಳಿಸಿದರು. ಫಿರಂಗಿ ಸುಮ್ಮನಾಯಿತು. ಅದೇ ದಿನ ಹತ್ತಿರದ ಊರಿನ ಕಾದಾಟದಲ್ಲಿ ಅವರು ಸತ್ತರು. ಶಾರ್ತ್ರ್ ನಿಂತಿದೆ. ಹತ್ತಿದರು, ನಿಂತಿದೆ. ಇಷ್ಟು ಸಾಕಲ್ವಾ?

ಈ ಕತೆಗಾದರೂ ಒಂದು ಸಬ್‌ಸ್ಕ್ರೈಬ್ ಒತ್ತಿ. ಪಕ್ಕದ ಗಂಟೆಯನ್ನೂ ಒತ್ತಿ, ಅದೊಂದು ಗಂಟೆಗೆ ಇನ್ನೂ ಯಾರೂ ಬಾಂಬ್ ಹಾಕಿಲ್ಲ.

ಅಥೆನ್ಸಿನ ಪುರಾತನ ಗುಡಿ ಪಾರ್ಥೆನಾನ್ ಒಳಗೆ ನಿಜವಾಗಿಯೂ ಸಿಡಿಮದ್ದು ಇತ್ತಲ್ಲ ಅಂತೀರಾ? ಇತ್ತು. 1687ರಲ್ಲಿ ತುರ್ಕರು ತುಂಬಿಸಿಟ್ಟಿದ್ದರು. ಅವರಿಗೂ ಬೈಯೋಣ, ನನಗೇನೂ ಬೇಜಾರಿಲ್ಲ. ವೆನಿಸ್‌ನವರ ಗುಂಡು ಬಿತ್ತು, ಚಾವಣಿ ಹಾರಿತು, ಕಂಬಗಳು ಉರುಳಿದವು. ಆಮೇಲೆ ನೋಡಿ ಮಜಾ. ವೆನಿಸ್‌ನ ದಂಡನಾಯಕ ಮೊರೊಸಿನಿಗೆ ಆಗ ಜನರನ್ನು ಹತ್ತಿಸೋಕೆ ಪುರುಸೊತ್ತು ಸಿಕ್ಕಿತು! ಮೇಲಿದ್ದ ಶಿಲ್ಪಗಳನ್ನು ಊರಿಗೆ ಒಯ್ಯೋಣ ಅಂತ. ಇಳಿಸುವಾಗ ಅವೂ ಬಿದ್ದು ಒಡೆದವು.

ಕಾನೂನು ಇದೆ ಅಂತಾರೆ. ಹೌದು, ಯುದ್ಧದಲ್ಲಿ ಇಂಥ ಕಟ್ಟಡಗಳಿಗೆ ಹೊಡೆಯಬಾರದು ಅನ್ನುವ 1954ರ ಹೇಗ್ ಒಪ್ಪಂದ, ನೀಲಿ-ಬಿಳಿ ಗುರಾಣಿಯ ಗುರುತು. ಚೆನ್ನಾಗಿದೆ. ಅದರಲ್ಲೇ ಒಂದು ಕಿಂಡಿ: ಸೈನ್ಯಕ್ಕೆ ತೀರಾ ಅನಿವಾರ್ಯವಾದರೆ ಹೊಡೆಯಬಹುದು. ಅನಿವಾರ್ಯ ಅಂತ ಹೇಳುವವನು ಯಾರು? ಹೊಡೆಯುವವನೇ!

ಸಿರಿಯಾದ ಅಲೆಪ್ಪೊ ದೊಡ್ಡ ಮಸೀದಿಯ ಮಿನಾರು 11ನೇ ಶತಮಾನದ್ದು. 2013ರ ಏಪ್ರಿಲ್‌ನಲ್ಲಿ ಬಿತ್ತು. ಸರ್ಕಾರ ಬಂಡುಕೋರರ ಕಡೆ ಕೈ ತೋರಿಸಿತು, ಬಂಡುಕೋರರು ಸರ್ಕಾರದ ಕಡೆ. ಆಮೇಲೆ ಹತ್ತಿ ನೋಡೋಣ ಅಂದರೆ ಮೆಟ್ಟಿಲೇ ಉಳಿದಿರಲಿಲ್ಲ.

"ಜನ ಸಾಯುವಾಗ ಕಲ್ಲಿಗೆ ಅಳ್ತೀಯಾ?" ಮಾಂಟೆ ಕಸಿನೊ ಒಳಗಿದ್ದವರು ಕಲ್ಲಾ? ಮುಂದಿನ ಕಾಮೆಂಟ್. "ಮತ್ತೆ ಕಟ್ಟಿದರಾಯಿತು." ಕಟ್ಟಿ ಸರ್, ನೀವೇ ಕಟ್ಟಿ, ಉಳಿ ಸುತ್ತಿಗೆ ನಾನು ಕಳಿಸುತ್ತೇನೆ. ಸ್ಕ್ರಿಪ್ಟ್ ಮುಗಿಯಿತು, ಕೋಪ ಮುಗಿದಿಲ್ಲ. ಹತ್ತಿ ನೋಡ್ರಪ್ಪಾ! ಮೊಣಕಾಲು ನೋವಾ? ಬೈನಾಕ್ಯುಲರ್ ಇಲ್ವಾ? ಡ್ರೋನ್ ಬಿಡಿ! ಮದುವೆಗೇ ಬಿಡ್ತಾರೆ!

ಸರಿ, ನೀರು ಕುಡೀತೀನಿ. ಮುಂದಿನ ಸಂಚಿಕೆ ಆಫ್ರಿಕದ ಮಾಲಿ ದೇಶದ ಟಿಂಬಕ್ಟು. 2012ರಲ್ಲಿ ಒಡೆದುಹಾಕಿದ ಗೋರಿಗಳನ್ನು ಅಲ್ಲಿನ ಗಾರೆ ಕೆಲಸದವರೇ ಮತ್ತೆ ಎಬ್ಬಿಸಿದ ಕತೆ. ಮೆಂಬರ್‌ಗಳಿಗೆ ಒಂದು ದಿನ ಮೊದಲೇ ಸಿಗುತ್ತದೆ, ಲಿಂಕ್ ಕೆಳಗಿದೆ.